ವೆಲ್ಡರ್ ಪೋತಪ್ಪನ ಅರ್ಜಿ

ಹಿಂದೂಪುರದ ನಮ್ಮ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಪೋತಪ್ಪ ಮೊದಲ ಸಲ ಬಂದಾಗ ಅವನ ಕಣ್ಣು ಕೆಂಡದಂತಿದ್ದವು, ನೀರು ಸುರಿಯುತ್ತಿತ್ತು. ಯಾರನ್ನೋ ಮಣ್ಣುಮಾಡಿ ನೇರ ಇಲ್ಲಿಗೆ ಬಂದಿದ್ದಾನೆಂದು ತಿಳಿದ ನಾನು ಕುರ್ಚಿ ಬಿಟ್ಟೆದ್ದು, ಅವನ ಭುಜ ಹಿಡಿದು, ಮನೆಯವರಿಗಾಗಿಯಾದರೂ ಗಟ್ಟಿಯಾಗಿರಬೇಕೆಂದು ದೊಡ್ಡ ಸಮಾಧಾನ ಹೇಳಿದೆ. ಅವನು ಪೂರಾ ಕೇಳಿಸಿಕೊಂಡ.

"ಅಳ್ತಾ ಇಲ್ಲ ಕಣಪ್ಪ. ನಿನ್ನೆ ಪರಿಗಿ ಊರಲ್ಲಿ ದಿನಗೂಲಿಗೆ ಕಪ್ಪು ಗಾಜು ಇಲ್ದೆ ವೆಲ್ಡಿಂಗ್ ಮಾಡ್ದೆ, ಕಣ್ಣು ಹಿಡ್ಕಂಡೈತೆ. ಸತ್ತೋನು ಸತ್ತು ಆರು ತಿಂಗ್ಳಾಯ್ತು."

ಊರ ಹೊರಗೆ ಟ್ರೇಲರು, ನೀರಿನ ಟ್ಯಾಂಕರು ಕಟ್ಟುವ ಕಾರ್ಖಾನೆಗೆ ವೆಲ್ಡರ್ ಬೇಕಿತ್ತು, ಅದಕ್ಕೆ ಅರ್ಜಿ ಬರೆಸಲು ಬಂದಿದ್ದ. ಅರ್ಜಿ ಬರೆಯುವುದರಲ್ಲಿ ನಾನು ಪಂಡಿತನೆಂಬ ನಂಬಿಕೆ ಊರಲ್ಲಿ ಒಬ್ಬನಿಗಿತ್ತು, ಅವನು ನಾನೇ. ಮೇಷ್ಟ್ರಿಗೂ ಕಂಡಕ್ಟರಿಗೂ ಬರೆದಂತೆ ಇವನಿಗೂ 'ವಿಧೇಯ, ವಿನಮ್ರ, ಸದ್ವಂಶದವನು' ಎಂದು ಇಂಗ್ಲಿಷಿನಲ್ಲಿ ಕುಟ್ಟಿ, ಅರ್ಥ ಹೇಳಿದೆ.

"ನನ್ ವಂಶ ಬಂದು ವೆಲ್ಡಿಂಗ್ ಮಾಡ್ತದಾ? ತಲೆ ಮೇಲಕ್ಕೆ ಕೈ ಎತ್ತಿ ಹಾಕೋ ಜಾಯಿಂಟೂ ಹಾಕ್ತೀನಿ ಅಂತ ಬರಿ. ನಾನ್ ಕಟ್ಟಿದ್ ಟ್ಯಾಂಕರ್ ಸೋರಲ್ಲ ಅಂತ ಬರಿ."

ಬರೆದೆ. ಹಿಂದಿನ ಕೆಲಸ ಬಿಟ್ಟಿದ್ದು ಯಾಕೆ ಎಂದು ಕೇಳಿದೆ. ಅವನು ಎಡಗೈಯನ್ನು ಮೇಜಿನ ಮೇಲಿಟ್ಟ. ಎರಡು ಬೆರಳು ಜಜ್ಜಿದ ಕಬ್ಬಿನ ತುಂಡಿನಂತೆ ಚಪ್ಪಟೆಯಾಗಿದ್ದವು.

ಬೆಳುಗುಪ್ಪದವನಾದ ಪೋತಪ್ಪ, ಅಕ್ಕನ ಗಂಡ ನಾರಪ್ಪನ ಜೊತೆ ಕಲ್ಯಾಣದುರ್ಗದಲ್ಲಿ ಓಬುಳಪತಿಯ ಶೆಡ್ಡಿನಲ್ಲಿ ದುಡಿಯುತ್ತಿದ್ದ. ಡೀಸೆಲ್ ಖಾಲಿಯಾದ ಡ್ರಮ್ಮಿಗೆ ವೆಲ್ಡಿಂಗ್ ಬೆಂಕಿ ತಾಗಿಸುವ ಮುಂಚೆ ತೊಳೆದು ನೀರು ತುಂಬಬೇಕು, ಇಲ್ಲವಾದರೆ ಒಳಗಿನ ಆವಿ ಸಿಡಿಯುತ್ತದೆ. ಬೇಸಿಗೆ, ಕುಡಿಯುವ ನೀರೇ ಗಾಡಿಯಲ್ಲಿ ಬರುತ್ತಿತ್ತು. ಓಬುಳಪತಿ ಡ್ರಮ್ಮಿನ ಬಾಯಿ ತೆರೆದು ಬಿಸಿಲಿಗಿಟ್ಟಿದ್ದ.

"ಈ ಬಿಸ್ಲಿಗೆ ಎಮ್ಮೆ ಒಣಗ್ತದೆ, ಡೀಸೆಲ್ ಒಣಗಲ್ವಾ. ಹಚ್ರಲಾ," ಎಂದನಂತೆ.

ಪೋತಪ್ಪ ಒಲ್ಲೆ ಎಂದ. ಕೆಲಸ ಹೋದೀತೆಂದು ಹೆದರಿದ ನಾರಪ್ಪ ಹಚ್ಚಿದ. ಡ್ರಮ್ಮು ಸಿಡಿದು, ಅದರ ಮೇಲಿನ ತಗಡು ಕಿತ್ತು ಅವನ ಗಂಟಲಿಗೆ ಬಡಿಯಿತು. ಪೋತಪ್ಪ ಎರಡೂ ಕೈಯಿಂದ ಗಾಯ ಅದುಮಿ ಹಿಡಿದ. ಬೆರಳ ಸಂದಿಯಿಂದ ರಕ್ತ ನುಗ್ಗುತ್ತಿದ್ದಂತೆಯೇ ಭಾವನ ಕಾಲು ಒದ್ದಾಡಿ ನಿಂತವು. ಓಬುಳಪತಿ ಬಂದು ನೋಡಿದ.

"ಹೊಸಾ ಡ್ರಮ್ಮು ಕಣ್ಲಾ, ಹಾಳ್ ಮಾಡ್ಬುಟ್ರಿ."

ಪೋತಪ್ಪನ ಕೈಗೆ ಸಿಕ್ಕಿದ್ದು ಸುತ್ತಿಗೆ. ಮೊದಲ ಏಟಿಗೆ ಓಬುಳಪತಿಯ ಹಲ್ಲು ಉದುರಿದವು, ಎರಡನೆಯದಕ್ಕೆ ದವಡೆ ಪಕ್ಕಕ್ಕೆ ತಿರುಗಿತು. ಆಮೇಲೆ ಓಬುಳಪತಿಯ ತಮ್ಮಂದಿರು ಪೋತಪ್ಪನನ್ನು ಕೆಡವಿ ತುಳಿದರು. ಅವನ ಎಡಗೈಯನ್ನು ಕೆಲಸದ ತುಂಡನ್ನು ಕಚ್ಚಿ ಹಿಡಿಯುವ ವೈಸಿನ ಕಬ್ಬಿಣದ ಬಾಯಿಗೆ ಕೊಟ್ಟು, ಮೂಳೆ ಲಟಕ್ಕೆನ್ನುವ ತನಕ ಹಿಡಿ ತಿರುಗಿಸಿದರು. ಠಾಣೆಗೆ ಎರಡು ಕಡೆಯವರೂ ಹೋಗಲಿಲ್ಲ.

"ಇದ್ನೇ ಬರಿ," ಎಂದ ಪೋತಪ್ಪ.

"ಬರೆದ್ರೆ ನಿನ್ನ ಗೇಟಿನೊಳಕ್ಕೇ ಬಿಡಲ್ಲ."

ವಿಧವೆ ಅಕ್ಕ ಮುನೆಮ್ಮ, ಅವಳ ಮಕ್ಕಳು ಇವನ ಕೈಯನ್ನೇ ನಂಬಿದ್ದರು. ಈ ಕೈಗೆ ಬೇರೆ ಯಾರೂ ಕಾಯಂ ಕೆಲಸ ಕೊಟ್ಟಿರಲಿಲ್ಲ. 'ಸ್ವಂತ ಕಾರಣಗಳಿಂದ' ಎಂದು ಟೈಪ್ ಮಾಡಿದೆ.

"ನೀನ್ ಬರ್ದಿದ್ದು ನೀನೇ ಓದೀಯ, ಬಾ," ಎಂದು ಕಾರ್ಖಾನೆಗೆ ನನ್ನನ್ನೂ ಎಳೆದುಕೊಂಡು ಹೋದ. ಮ್ಯಾನೇಜರ್ ಸೀತಾರಾಮಪ್ಪ ಮೊದಲಿಗೆ ಅರ್ಜಿಯನ್ನು ಮುಟ್ಟಲೇ ಇಲ್ಲ. ಪೋತಪ್ಪನಿಂದ ಎರಡು ಕಬ್ಬಿಣದ ಪ್ಲೇಟು ಬೆಸೆಸಿ, ವೈಸಿಗೆ ಕಚ್ಚಿಸಿ, ದೊಡ್ಡ ಸುತ್ತಿಗೆಯಿಂದ ಬಡಿಸಿದ. ಅಲ್ಲಿ ಪರೀಕ್ಷೆಯೆಂದರೆ ಅದೇ. ವೈಸಿನ ಹಿಡಿ ಕಿರುಗುಟ್ಟಿದಾಗ ಪೋತಪ್ಪನ ಎಡಗೈ ತಾನಾಗಿಯೇ ಬೆನ್ನ ಹಿಂದೆ ಹೋಯಿತು. ಪ್ಲೇಟು ಮಡಚಿಕೊಂಡಿತು, ಬೆಸುಗೆ ಬಿಡಲಿಲ್ಲ.

ಅವನೀಗ ನಾಲ್ಕು ವರ್ಷದಿಂದ ಅಲ್ಲಿ ಹೆಡ್ ವೆಲ್ಡರು. ಕೆಲಸ ಕೊಡಿಸಿದ್ದು ನನ್ನ ಇಂಗ್ಲಿಷು ಎಂದು ಟೀ ಅಂಗಡಿಯಲ್ಲಿ ನಾನು ಈಗಲೂ ಹೇಳಿಕೊಳ್ಳುತ್ತೇನೆ.

ಅವತ್ತು ಪರೀಕ್ಷೆ ಮುಗಿದ ಮೇಲೆ ಸೀತಾರಾಮಪ್ಪ ನಮ್ಮನ್ನು ಮೇಜಿನ ಮುಂದೆ ಕೂರಿಸಿ, ಕೊನೆಗೆ ಅರ್ಜಿ ಎತ್ತಿಕೊಂಡು, ಪೋತಪ್ಪನ ಆ ಬೆರಳು ನೋಡಿದ.

"ಸ್ವಂತ ಕಾರಣ ಅಂದ್ರೆ ಏನಯ್ಯಾ? ಯಾರ್ನಾದ್ರೂ ಹೊಡೆದು ಓಡಿ ಬಂದಿದೀಯಾ?"

ನಾನು ಮೇಜಿನ ಕೆಳಗೆ ಪೋತಪ್ಪನ ಕಾಲು ತುಳಿದೆ. ಅವನು ಕಾಲು ಎಳೆದುಕೊಂಡ.

"ಮಾಲೀಕನ ದವಡೆ ಮುರ್ದೆ ಸಾರ್. ತೊಳೀದೇ ಇರೋ ಡ್ರಮ್ಮು ಕೊಟ್ರೆ ನಿಮ್ದೂ ಮುರೀತೀನಿ."