ಬಿಳಿ ಹುಳ ಒರೆಸಿದ ಮೂರು ದಿನ

ಲಕ್ವ ಹೊಡೆದ ಮೇಲೆ ನಮ್ಮ ಯಜಮಾನರು ಹಾಸಿಗೆ ಬಿಟ್ಟು ಏಳುತ್ತಿದ್ದುದು ಒಂದೇ ಕಾರಣಕ್ಕೆ. ಸೋಲಾಪುರದ ನಮ್ಮ ಮನೆಯ ಹಿತ್ತಲಲ್ಲಿ, ಮೈಯಲ್ಲಿ ಕಸುವಿದ್ದಾಗ ಅವರೇ ಪೈಪು ನಿಲ್ಲಿಸಿ ಹಸಿರು ಬಲೆ ಹೊದಿಸಿ ಕಟ್ಟಿದ ಗಿಡಗಳ ಮನೆಯೊಂದಿದೆ. ಬಲಗೈ ಬಿದ್ದುಹೋಗಿತ್ತು, ಮಾತು ನಿಂತಿತ್ತು. ಆದರೂ ಬೆಳಗಾದರೆ ಗೋಡೆ ಹಿಡಿದು ಅಲ್ಲಿಗೆ ಹೋಗಿ, ಎಡಗೈಯಿಂದ ತಂಬಿಗೆ ತಂಬಿಗೆ ನೀರು ಹಾಕಿ, ಊಟದ ಹೊತ್ತಿನವರೆಗೆ ಕುರ್ಚಿಯಲ್ಲಿ ಕೂತು ಎಲೆ ನೋಡುತ್ತಿದ್ದರು. ಬೋರಾಮಣಿಯ ಒಕ್ಕಲಿನ ಮನೆಯಲ್ಲಿ ಹುಟ್ಟಿದವರು. ಇಡೀ ಜನ್ಮ ಕಚೇರಿಯಲ್ಲಿ ಕಳೆದರೂ ಮಣ್ಣಿನ ಹುಚ್ಚು ಹೋಗಿರಲಿಲ್ಲ. ಆ ಗಿಡಗಳು ಹೋದರೆ ಇವರು ಏಳುವುದಿಲ್ಲ ಎಂಬುದು ನನಗೆ ಖಾತ್ರಿಯಿತ್ತು.

ಈ ಬೇಸಿಗೆಯಲ್ಲಿ ದಾಸವಾಳದ ಚಿಗುರಿಗೆ ಹಿಟ್ಟು ಉದುರಿಸಿದ ಹಾಗೆ ಬಿಳಿ ಹುಳ ಹತ್ತಿತು. ದಾಸವಾಳದಿಂದ ಪೇರಲಕ್ಕೆ, ಪೇರಲದಿಂದ ಬದನೆಗೆ. ಅಂಗಡಿಯ ಔಷಧ ಹೊಡೆಯುವಂತಿರಲಿಲ್ಲ. ಯಜಮಾನರ ಬಾಯಿಂದ ಜೊಲ್ಲು ಇಳಿಯುತ್ತದೆ, ಎಲೆ ಮುಟ್ಟಿದ ಕೈಯಿಂದಲೇ ಒರೆಸಿಕೊಳ್ಳುತ್ತಾರೆ. ಬೇವಿನೆಣ್ಣೆಗೆ ಸಾಬೂನಿನ ನೀರು ಕೂಡಿಸಿ ಸಿಂಪಡಿಸಿದೆ. ಬೆಳ್ಳುಳ್ಳಿ ಮೆಣಸಿನಕಾಯಿ ಅರೆದು ಹೊಡೆದು ನನ್ನ ಕಣ್ಣನ್ನೇ ಉರಿಸಿಕೊಂಡೆ. ಎರಡು ದಿನ ಕಡಿಮೆ, ಮೂರನೆಯ ದಿನ ಮತ್ತೆ ಅಷ್ಟೇ. ಸಾಕುಸಾಕಾಗಿ ಹೋಯಿತು.

ಕುರನೂರಿನಲ್ಲಿ ದ್ರಾಕ್ಷಿ ಬೆಳೆಯುವ ನನ್ನ ತಮ್ಮ ಒಂದು ಡಬ್ಬಿ ತಂದ. ಒಳಗೆ ಹೆಸರುಕಾಳಿನಷ್ಟಿರುವ ಕಂದು ದುಂಬಿಗಳು.

"ಅಕ್ಕಾ, ಇವು ಆ ಬಿಳಿ ಹುಳಾನ ತಿಂತಾವ. ಬಿಟ್ಟ ಮ್ಯಾಲ ಒಂದ ತಿಂಗಳ ಏನೂ ಹೊಡೀಬ್ಯಾಡ. ಬೇವಿನೆಣ್ಣಿ ಸುದ್ದಾ ಬ್ಯಾಡ," ಎಂದ.

ದುಂಬಿ ಬಿಟ್ಟು ಎರಡು ವಾರ ಕೈಕಟ್ಟಿ ಕೂತೆ. ಆಮೇಲೆ ನೋಡಿದರೆ ಬಿಳಿ ಹುಳ ಮೊದಲಿಗಿಂತ ದಪ್ಪಗಾಗಿದೆ, ಮೈತುಂಬ ನೂಲಿನಂಥ ಎಳೆ ಬೇರೆ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ತಮ್ಮನನ್ನೂ ಅವನ ದುಂಬಿಗಳನ್ನೂ ಬೈಯುತ್ತ, ಬಕೆಟ್ಟಿನಲ್ಲಿ ಸಾಬೂನಿನ ನೀರು ಕಲಸಿ, ಹಳೆಯ ಸೀರೆಯ ಚೂರಿನಿಂದ ಒಂದೊಂದೇ ಎಲೆ ಒರೆಸತೊಡಗಿದೆ. ದಪ್ಪನೆಯವನ್ನು ಹುಡುಕಿ ಹುಡುಕಿ ಹೊಸಕಿದೆ.

ಯಜಮಾನರು ಕುರ್ಚಿಯಿಂದೆದ್ದು ಬಂದು ಎಡಗೈಯಲ್ಲಿ ನನ್ನ ಮಣಿಕಟ್ಟು ಹಿಡಿದರು. ಕುತ್ತಿಗೆಯ ನರ ಉಬ್ಬಿಸಿ, "ಬ್ಯಾ... ಬ್ಯಾಡ," ಎಂದರು. ಎಷ್ಟೋ ತಿಂಗಳ ಮೇಲೆ ಬಂದ ಮೊದಲ ಮಾತು. ಬೇರೆ ದಿನವಾಗಿದ್ದರೆ ಓಣಿಗೆಲ್ಲ ಸಕ್ಕರೆ ಹಂಚುತ್ತಿದ್ದೆ. ಅವತ್ತು ಕೈ ಕೊಸರಿಕೊಂಡೆ.

"ಸುಮ್ಮ ಕೂಡ್ರಿ. ನಿಮಗೇನ ತಿಳೀತದ ಈಗ? ಎಲ್ಲಾ ಮಾಡಾಕಿ ನಾ ಇದ್ದೀನಿ."

ಅವರು ಕುರ್ಚಿಗೆ ಮರಳಿದರು. ಮೂರು ದಿನ ಒರೆಸಿದೆ, ಮೂರು ದಿನವೂ ಅವರು ನೋಡುತ್ತ ಕೂತಿದ್ದರು.

ನಾಲ್ಕನೆಯ ದಿನ ತಮ್ಮ ಬಂದವನು ಬಕೆಟ್ಟಿನೊಳಗೆ ಬಗ್ಗಿ ನೋಡಿ ಅಲ್ಲೇ ಕುಕ್ಕರುಗಾಲಲ್ಲಿ ಕೂತ.

"ಏನ ಮಾಡಿದಿ ಅಕ್ಕಾ ಇದು? ಇವು ದುಂಬಿ ಮರಿ. ನೋಡಾಕ ಆ ಹುಳದ್ಹಂಗ ಕಾಣ್ತಾವ, ಖರೆ ಅದನ್ನ ತಿನ್ನೂವ ಇವ. ನಂದೂ ತಪ್ಪ ಅದ, ಹೇಳಬೇಕಾಗಿತ್ತು. ಆ ಹುಳ ಕೂತಲ್ಲೇ ಕೂತಿರ್ತಾವ, ಇವು ಓಡಾಡಿ ತಿಂತಾವ. ತಾಸೊತ್ತು ಕೂತ ನೋಡಿದವರಿಗೆ ಗೊತ್ತಾಗ್ತದ."

ತಾಸುಗಟ್ಟಲೆ ಕೂತು ನೋಡಿದವರು ನಮ್ಮ ಮನೆಯಲ್ಲಿ ಒಬ್ಬರೇ. ನನಗೆ ಅವರ ಕಡೆ ತಿರುಗಲು ಧೈರ್ಯವಾಗಲಿಲ್ಲ.

ಮರುದಿನ ಅವರು ಹಾಸಿಗೆ ಬಿಟ್ಟು ಏಳಲಿಲ್ಲ. ಇವತ್ತಿಗೆ ಒಂಬತ್ತು ದಿನವಾಯಿತು. ಚಿಗುರು ಮುರುಟುತ್ತಿದೆ, ಪೇರಲದ ಎಲೆ ಉದುರುತ್ತಿದೆ. ನೀರು ನಾನು ಹಾಕುತ್ತೇನೆ, ಗಿಡ ನೋಡಲು ಮನಸ್ಸಾಗುವುದಿಲ್ಲ. ನಿನ್ನೆ ತಮ್ಮ ಇನ್ನೊಂದು ಡಬ್ಬಿ ತಂದುಕೊಟ್ಟ. ಬೆಳಗ್ಗೆ ಅದನ್ನು ಹಿಡಿದು ಹಾಸಿಗೆಯ ಬಳಿ ಹೋದೆ.

"ಏಳ್ರಿ. ಹೊಸಾ ದುಂಬಿ ಬಂದಾವ. ಯಾವ ಗಿಡಕ್ಕ ಬಿಡೂದು, ನೀವ ಹೇಳ್ರಿ. ನಾ ಕೇಳ್ತೀನಿ."

ನನ್ನ ದನಿ ಕೇಳಿ ಅವರು ಗೋಡೆಯ ಕಡೆ ಹೊರಳಿದರು. ಎಡಗೈ ಎಳೆದು ಅದರಲ್ಲಿ ಡಬ್ಬಿ ಇಟ್ಟೆ. ಅವರು ಬೆರಳು ಮಡಚಲಿಲ್ಲ. ಡಬ್ಬಿ ಹಾಸಿಗೆಯ ಮೇಲೆ ಉರುಳಿತು.