ಸೊನ್ನೆ ನಮ್ಮದೂ ಹೌದು

ಕೆಂಪು ಕೈಮಗ್ಗದ ಕುಪ್ಪಸ, ಅದರ ತುಂಬ ಹಳದಿ ನೀಲಿ ದಾರದ ಚೌಕುಳಿ, ಕೊರಳಲ್ಲಿ ಆಸ್ಪತ್ರೆಯ ಬ್ಯಾಡ್ಜು. ಕ್ಯಾಲಿಫೋರ್ನಿಯಾದ ಓಕ್ಲ್ಯಾಂಡಿನ ನಮ್ಮ ಮಕ್ಕಳ ವಾರ್ಡಿನಲ್ಲಿ ಎಲ್ಲರೂ ಒಂದೇ ನಮೂನೆಯ ತಿಳಿನೀಲಿ ಬಟ್ಟೆಯಲ್ಲಿ ಓಡಾಡುತ್ತಿದ್ದರೆ ನಮ್ಮ ದುಭಾಷಿ ಮಾತ್ರ ಹೀಗೆ ಬರುತ್ತಿದ್ದರು. ಗ್ವಾಟೆಮಾಲಾದ ಬೆಟ್ಟದೂರಿನ ಮಾಯಾ ಜನ ಅವರು. ಆ ನೇಯ್ಗೆ ನೋಡಿದರೆ ಸಾಕು, ಯಾವ ಊರಿನವಳೆಂದು ತಮ್ಮವರಿಗೆ ತಿಳಿಯುತ್ತದೆ ಎನ್ನುತ್ತಿದ್ದರು. ನಾವು ಮಾತಾಡಿದ್ದೆಲ್ಲ ಇಂಗ್ಲಿಷಿನಲ್ಲಿ. ನನ್ನ ನೆನಪಿನಲ್ಲಿ ಅದು ಕನ್ನಡವಾಗಿ ಉಳಿದಿದೆ.

ಹೊಸದಾಗಿ ಸೇರಿದ ಡಾಕ್ಟರೊಬ್ಬ ಒಮ್ಮೆ, "ಮಾಯಾ ಜನ ಯಾವತ್ತೋ ನಾಶವಾಗಿ ಹೋದ್ರಲ್ವಾ?" ಅಂದ.

"ಹೌದಾ? ಬೆಳಿಗ್ಗೆ ತಾನೇ ನಮ್ಮಮ್ಮ ಫೋನಲ್ಲಿ ನನ್ನ ಬೈದ್ಲು," ಎಂದು ನಕ್ಕರು.

ಅವತ್ತು ಊಟಕ್ಕೆ ಕೂತಾಗ ಅವರೇ ಮಾತು ತೆಗೆದರು. ಕಾಡಿನ ನಡುವೆ ಕಟ್ಟಿದ ನಗರಗಳು, ಬರಿಗಣ್ಣಿನಲ್ಲೇ ಶುಕ್ರನ ಚಲನೆ ಲೆಕ್ಕ ಹಾಕಿದವರು, ಮರದ ತೊಗಟೆಯ ಹಾಳೆಯಲ್ಲಿ ಬರೆದ ಪುಸ್ತಕಗಳು. ಹೊರಗಿನಿಂದ ಬಂದ ಪಾದ್ರಿಗಳು ಅವನ್ನು ಸುಟ್ಟದ್ದನ್ನು ಹೇಳುವಾಗ ಅವರ ಚಮಚ ತಟ್ಟೆಯ ಮೇಲೇ ನಿಂತಿತು. ಆಮೇಲೆ ಟಿಶ್ಯೂ ಪೇಪರಿನ ಮೇಲೆ ಒಂದು ಕಪ್ಪೆಚಿಪ್ಪು ಬರೆದು, "ಇದು ನಮ್ಮ ಸೊನ್ನೆ," ಎಂದರು.

ನಾನು ಮೈಸೂರಿನವಳು, ಸುಮ್ಮನಿರಲಾಗಲಿಲ್ಲ. "ಸೊನ್ನೆ ನಮ್ದು," ಎಂದೆ.

"ನಮ್ದೂ ಹೌದು ಡಾಕ್ಟರ್. ನೀವು ನಮ್ಮನ್ನ ಕೇಳ್ಲಿಲ್ಲ, ನಾವು ನಿಮ್ಮನ್ನ ಕೇಳ್ಲಿಲ್ಲ."

ಅವರ ಬೆಲೆ ನನಗೆ ಪೂರ್ತಿ ತಿಳಿದದ್ದು ಒಬ್ಬ ಹುಡುಗಿಯಿಂದ. ಅವಳ ಕಾಲಿನ ಮೂಳೆಗೆ ಸೋಂಕು ತಗುಲಿತ್ತು. ತಡಮಾಡದೆ ಆಪರೇಷನ್ ಮಾಡಿ ಕೀವು ತೆಗೆಯಬೇಕಿತ್ತು. ಗ್ವಾಟೆಮಾಲಾದವರು, ಸ್ಪ್ಯಾನಿಷ್ ಬರುತ್ತದೆ ಎಂದುಕೊಂಡು ನರ್ಸು ಸ್ಪ್ಯಾನಿಷಿನಲ್ಲಿ ವಿವರಿಸಿದಳು. ತಾಯಿ ಎಲ್ಲಕ್ಕೂ ತಲೆಯಾಡಿಸಿದಳು. ಒಪ್ಪಿಗೆ ಸಿಕ್ಕಿತೆಂದುಕೊಂಡೆವು. ಸ್ವಲ್ಪ ಹೊತ್ತಿಗೆ ನೋಡಿದರೆ, ಮಗಳಿಗೆ ಜಾಕೆಟ್ಟು ತೊಡಿಸಿ ಮನೆಗೆ ಹೊರಟು ನಿಂತಿದ್ದಾಳೆ.

ದುಭಾಷಿಯನ್ನು ಕರೆಸಿದೆವು. ತಾಯಿಯೊಡನೆ ಎರಡು ಮಾತಾಡಿ ನನ್ನತ್ತ ತಿರುಗಿದರು. "ಸ್ಪ್ಯಾನಿಷ್ ಇವಳ ಭಾಷೆ ಅಲ್ಲ. ಇವಳದು ಮಾಮ್ ಅನ್ನೋ ನಮ್ಮ ಮಾಯಾ ಭಾಷೆ. ಕಾಲನ್ನೇ ಕತ್ತರಿಸ್ತೀರಿ ಅಂದ್ಕೊಂಡಿದ್ದಾಳೆ. ಮೊದಲಿಂದ ಹೇಳಿ."

ನಾನು ಹೇಳಿದೆ. ಅವರು ನೆಲದ ಮೇಲೆ ಕೂತು, ಮಗುವಿನ ಪಾದವನ್ನು ಮಡಿಲಲ್ಲಿಟ್ಟುಕೊಂಡು, ಗಾಯ ಎಷ್ಟು ಚಿಕ್ಕದೆಂದು ಬೆರಳಿನಿಂದ ತೋರಿಸುತ್ತ ಮಾಮ್‌ನಲ್ಲಿ ಹೇಳಿದರು. ತಾಯಿ ಅತ್ತಳು. ಒಂದರ ಮೇಲೊಂದು ಪ್ರಶ್ನೆ ಕೇಳಿದಳು. ಕೊನೆಗೆ ಮಗಳ ಜಾಕೆಟ್ಟು ತೆಗೆದಳು. ಆಪರೇಷನ್ ಆಗಿ ಗುಣವಾದ ಮೇಲೆ ಆ ಹುಡುಗಿ ತನ್ನ ಕಾಲ ಮೇಲೇ ನಡೆದು ಮನೆಗೆ ಹೋದಳು.

"ಅರ್ಥವಾಗದೆ ಯಾಕೆ ತಲೆಯಾಡಿಸಿದ್ಲು?" ಎಂದು ಆಮೇಲೆ ಕೇಳಿದೆ.

"ಡಾಕ್ಟರ ಮುಂದೆ ಬೇಡ ಅನ್ನೋಕೆ ಸ್ವಂತ ಭಾಷೆ ಬೇಕು," ಎಂದರು.

ಕಳೆದ ವರ್ಷ ಅವರು ಕ್ಯಾನ್ಸರಿನಿಂದ ತೀರಿಕೊಂಡರು. ಚರ್ಚು ಕಿಕ್ಕಿರಿದಿತ್ತು. ನಾನೂ ಎರಡು ಮಾತಾಡಬೇಕೆಂದು ಅವರ ತಮ್ಮ ಕೇಳಿಕೊಂಡರು. ಇಂಗ್ಲಿಷಿನಲ್ಲಿ ಶುರು ಮಾಡಿದೆ. ರೋಗಿಯ ವರದಿ ಓದಿದ ಹಾಗಾಯಿತು. ನಿಲ್ಲಿಸಿ, ಕನ್ನಡದಲ್ಲಿ ಹೇಳತೊಡಗಿದೆ. ಮನೆಯಲ್ಲಿ ಎಷ್ಟು ಕನ್ನಡ ಮಾತಾಡಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ನನ್ನ ಮಗಳು, ನಾನು ಕರೆಯದೆಯೇ ಎದ್ದು ಬಂದು ಪಕ್ಕದಲ್ಲಿ ನಿಂತಳು.

"ನೀ ಹೇಳಮ್ಮಾ, ನಾನು ಟ್ರಾನ್ಸ್‌ಲೇಟ್ ಮಾಡ್ತೀನಿ."

ಅವಳು ಇಂಗ್ಲಿಷಿಗೆ ತಂದದ್ದನ್ನು ಅವರ ತಮ್ಮ ಮಾಮ್‌ಗೆ ತಂದರು. ನನ್ನ ಕನ್ನಡ ಅಂದು ಆ ಚರ್ಚಿನ ಕೊನೆಯ ಬೆಂಚಿನವರೆಗೂ ಮುಟ್ಟಿತು.