ಮೊದಲು ಹೆಸರು, ಆಮೇಲೆ ದೊಣ್ಣೆ

ದೊಡ್ಡಬಳ್ಳಾಪುರದ ಕಾಲೇಜಿನಲ್ಲಿ ನಮಗೆ ಅಂತಾರಾಷ್ಟ್ರೀಯ ರಾಜಕೀಯ ಹೇಳಿಕೊಟ್ಟ ಮೇಡಂ ಘಾಟಿ ಸುಬ್ರಮಣ್ಯದ ಕಡೆಯವರು. ಅಂಗೈಯ ಸೀಮೆಸುಣ್ಣದ ಪುಡಿಯನ್ನು ಮೆಲ್ಲಗೆ ಊದಿ, ಅದು ಕಿಟಕಿಯ ಬಿಸಿಲಲ್ಲಿ ತೇಲುವುದನ್ನೇ ನೋಡುತ್ತಾ ಪಾಠ ಮಾಡುತ್ತಿದ್ದರು. ಎಲ್ಲಿಂದ ಶುರುವಾದರೂ ಪಾಠ ಒಂದೇ ಮಾತಿಗೆ ಬಂದು ನಿಲ್ಲುತ್ತಿತ್ತು: "ಮೊದಲು ಹೆಸರು, ಆಮೇಲೆ ದೊಣ್ಣೆ ಕಣ್ರಪ್ಪಾ."

ಅವತ್ತು ಬೋರ್ಡಿನ ಮೇಲೆ ಒಂದು ದೋಣಿ ಬರೆದಿದ್ದರು, ಅದರ ತುಂಬ ದೇಶ ಬಿಟ್ಟು ಬಂದ ಜನ. "ಇವರನ್ನ ನಿರಾಶ್ರಿತರು ಅಂದ್ರೆ ದೇಶಗಳೆಲ್ಲ ಕೂತು ಅನ್ನ, ಬಟ್ಟೆ ವಿಚಾರ ಮಾತಾಡ್ತವೆ. ಭದ್ರತೆಗೆ ಅಪಾಯ ಅಂದ್ರೆ ಅವೇ ದೇಶಗಳು ಕಾವಲು ಹಡಗು ಕಳಿಸ್ತವೆ," ಎನ್ನುತ್ತಿದ್ದಾಗಲೇ ಮುಂದಿನ ಬೆಂಚಿನಲ್ಲಿ ಯಾರೋ "ಹಾವು" ಎಂದರು. ನಾಗರಹಾವೊಂದು ಹೊಸ್ತಿಲು ದಾಟಿ ಒಳಗೆ ಬಂದಿತ್ತು. ಹಿಂದಿನ ಬೆಂಚಿನವರು ಮುರಿದ ಕುರ್ಚಿಯ ಕಾಲನ್ನು ಆಗಲೇ ಎತ್ತಿ ಹಿಡಿದಿದ್ದರು.

ಮೇಡಂ ದನಿ ಏರಿಸಲಿಲ್ಲ. "ಸುಬ್ರಮಣ್ಯಸ್ವಾಮಿ ಬಂದವ್ರೆ, ದಾರಿ ಬಿಡಿ," ಎಂದು ಚಪ್ಪಲಿ ಕಳಚಿ ನಿಂತರು. ನಾಗರಹಾವನ್ನು ಸುಬ್ರಮಣ್ಯನೆಂದೇ ನಂಬಿ ಘಾಟಿಗೆ ಹರಕೆ ಹೊರುವ ಸೀಮೆ ನಮ್ಮದು. ಕುರ್ಚಿಯ ಕಾಲು ಕೆಳಗಿಳಿಯಿತು. ಒಬ್ಬೊಬ್ಬರಾಗಿ ಚಪ್ಪಲಿ ಬಿಟ್ಟು ಗೋಡೆಗೆ ಒತ್ತಿಕೊಂಡು ನಿಂತೆವು. ಹಾವು ನೀರಿನಂತೆ ಹರಿದು ಹಿಂಬಾಗಿಲಿಂದ ಹುಲ್ಲಿಗೆ ಇಳಿಯಿತು.

"ವಿಷ ಇತ್ತಲ್ವಾ ಮೇಡಂ?" ಎಂದೆ.

"ಇತ್ತು. ಅದಕ್ಕೇ ದೂರ ನಿಂತ್ವಿ," ಎಂದು ಅಂಗೈ ಊದಿದರು.

ಈಗಲೂ ಬಾಶೆಟ್ಟಿಹಳ್ಳಿಯ ಟೀ ಅಂಗಡಿಯ ಟಿವಿಯಲ್ಲಿ ಜನ ತುಂಬಿದ ದೋಣಿಯೊಂದು ತೇಲಿ ಬಂದು, ಸುದ್ದಿ ಓದುವವರು "ಅಪಾಯ" ಎಂದಾಗ, ನನಗೆ ಗೊತ್ತಿಲ್ಲದೆಯೇ ನನ್ನ ಕಾಲು ಚಪ್ಪಲಿ ಬಿಟ್ಟಿರುತ್ತದೆ.